ಇಂಗ್ಲಿಷ್ ಓದ್ತಾನ, ಆದ್ರ ತಿಳಿಯಂಗಿಲ್ಲ!

ಗಡಿ ಕನ್ನಡ ಶಾಲೆಗಳ 5ರಿಂದ 8ನೇ ಇಯತ್ತೆ: ಓದು-ಬರಹ ಕಲಿಸುವ ಹಾದಿ ಎಲ್ಲಿ ತಪ್ಪಿದೆ?

ಜತ್ತ: ಜೂನ್ ತಿಂಗಳು ಬಂತೆಂದರೆ ಸಾಕು, ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ. ಹುಡುಗನ್ನ ಎಲ್ಲಿ ಹಾಕೋದು? ಊರಾಗಿನ ಜಿಲ್ಲಾ ಪರಿಷದ ಕನ್ನಡ ಶಾಲೆಗೋ, ಗಣಿತ-ವಿಜ್ಞಾನ ಇಂಗ್ಲಿಷಿನಲ್ಲಿ ಕಲಿಸುವ ಮರಾಠಿ ಸೆಮಿ ಇಂಗ್ಲಿಷಿಗೋ, ಇಲ್ಲಾ ಮನಿ ಮುಂದ ಹಳದಿ ಬಸ್ಸು ನಿಲ್ಲಿಸೋ ಇಂಗ್ಲಿಷ್ ಮೀಡಿಯಮ್ಮಿಗೋ? ಕನ್ನಡ ಶಾಲೆಯ ಗುರುಗಳ ಮುಂದೆ ಪಾಲಕರು ಇಡುವ ಪ್ರಶ್ನೆ ಒಂದೇ: "ಇಲ್ಲಿ ಕಲಿತ್ರ ಇಂಗ್ಲಿಷ್ ಬರ್ತೈತೇನ್ರಿ ಸರ?"

ಗಡಿ ರಾಜಕೀಯದ ಗದ್ದಲ ಬರುತ್ತದೆ, ಹೋಗುತ್ತದೆ. 2022ರ ಕೊನೆಗೆ ಜತ್ತದ 40 ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ವಿಧಾನಸಭೆಯವರೆಗೆ ಹೋಗಿ ಬಂತು. ಆದರೆ ಕನ್ನಡ ಶಾಲೆಯ ಪಟಸಂಖ್ಯೆ ಇಳಿಯುವುದು, ಏರುವುದು ಇಂಥ ಗದ್ದಲದಿಂದಲ್ಲ. ಪಾಲಕರ ಆ ಒಂದು ಪ್ರಶ್ನೆಗೆ ಸಿಗುವ ಉತ್ತರದಿಂದ. ಪಟ ಇಳಿದರೆ ಸಂಚಮಾನ್ಯತೆಯಲ್ಲಿ ಶಿಕ್ಷಕರ ಹುದ್ದೆ ಇಳಿಯುತ್ತದೆ. ಹುದ್ದೆ ಇಳಿದರೆ ಕಲಿಕೆ ಇಳಿಯುತ್ತದೆ. ಕಲಿಕೆ ಇಳಿದರೆ ಮತ್ತೆ ಪಟ ಇಳಿಯುತ್ತದೆ. ಈ ಗಾಣ ಒಮ್ಮೆ ತಿರುಗಲು ಹತ್ತಿತೆಂದರೆ ನಿಲ್ಲಿಸುವುದು ಕಷ್ಟ.

ಇಂಗ್ಲಿಷ್ ಈ ಶಾಲೆಗಳಿಗೆ ಹೊಸದೇನಲ್ಲ. ಮಹಾರಾಷ್ಟ್ರ ಸರಕಾರ 2000ದ ಇಸವಿಯಿಂದಲೇ ಎಲ್ಲ ಮಾಧ್ಯಮದ ಶಾಲೆಗಳಲ್ಲಿ 1ನೇ ಇಯತ್ತೆಯಿಂದ ಇಂಗ್ಲಿಷ್ ಕಲಿಸಲು ಆರಂಭಿಸಿತು. ಕರ್ನಾಟಕ ಅದನ್ನು ಮಾಡಿದ್ದು 2007-08ರಲ್ಲಿ. ಅಂದರೆ ಗಡಿಯಾಚೆಯ ಕನ್ನಡ ಹುಡುಗರು ಈ ವಿಷಯದಲ್ಲಿ ಏಳು ವರ್ಷ ಮುಂದೆ ಇರಬೇಕಿತ್ತು! 8ನೇ ಇಯತ್ತೆ ಮುಗಿಸುವ ಮಗು ಎಂಟು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದಿರುತ್ತದೆ. ಆ ಎಂಟು ವರ್ಷ ಎಲ್ಲಿ ಹೋದವು?

ಅಂಕಿ-ಅಂಶ ಹೇಳುವುದೇನು?

ಗ್ರಾಮೀಣ ಮಕ್ಕಳ ಓದು-ಲೆಕ್ಕ ಪರೀಕ್ಷಿಸುವ 'ಅಸರ್' ಸಮೀಕ್ಷೆಯನ್ನು ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತ ಬಂದಿದೆ. ಕೆಲವು ವರ್ಷಗಳಲ್ಲಿ ಇಂಗ್ಲಿಷ್ ಓದನ್ನೂ ಅದು ಪರೀಕ್ಷಿಸಿದೆ. ಪರೀಕ್ಷೆ ಭಾರೀ ಏನಲ್ಲ: ದೊಡ್ಡಕ್ಷರ, ಸಣ್ಣಕ್ಷರ, ಸಣ್ಣ ಶಬ್ದ, ಕೊನೆಗೆ ಸುಲಭದ ವಾಕ್ಯ. ಅಷ್ಟೇ. ದೇಶದ ಗ್ರಾಮೀಣ ಭಾಗದಲ್ಲಿ ಇಂಥ ವಾಕ್ಯ ಓದಬಲ್ಲ 5ನೇ ತರಗತಿಯ ಮಕ್ಕಳು 2016ರಲ್ಲಿ ಶೇ 24.7 ಇದ್ದರು, 2022ರಲ್ಲಿ ಶೇ 24.5. 8ನೇ ತರಗತಿಯಲ್ಲಿ 2016ರಲ್ಲಿ ಶೇ 45.3, 2022ರಲ್ಲಿ ಶೇ 46.7. ಆರು ವರ್ಷದಲ್ಲಿ ಮುಳ್ಳು ಅಲುಗಿಲ್ಲ ಎಂದೇ ಹೇಳಬೇಕು.

ಇದಕ್ಕಿಂತ ಮುಖ್ಯ ಸಂಗತಿ 2023ರ ಸಮೀಕ್ಷೆಯಲ್ಲಿದೆ. 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಪರೀಕ್ಷಿಸಿದಾಗ ಇಂಗ್ಲಿಷ್ ವಾಕ್ಯ ಓದಿದವರು ಶೇ 57.3. ಹಾಗೆ ಓದಿದವರಲ್ಲೂ ಅರ್ಥ ಹೇಳಿದವರು ಸುಮಾರು ನಾಲ್ಕರಲ್ಲಿ ಮೂರು ಪಾಲು ಮಾತ್ರ. ಲೆಕ್ಕ ಹಾಕಿ ನೋಡಿ. ನೂರು ಮಂದಿಯಲ್ಲಿ 57 ಮಂದಿ ಓದಿದರು, ತಿಳಿದು ಓದಿದವರು 42ರ ಆಸುಪಾಸು. ಉಳಿದ 15 ಮಂದಿ? ಓದಿದರು, ತಿಳಿಯಲಿಲ್ಲ.

ಇವು ಗಡಿ ಕನ್ನಡ ಶಾಲೆಗಳ ಪ್ರತ್ಯೇಕ ಅಂಕಿಗಳಲ್ಲ, ಇಡೀ ದೇಶದ ಹಳ್ಳಿಗಾಡಿನವು. ಆದರೆ ರೋಗದ ಲಕ್ಷಣ ಇಲ್ಲೂ ಅದೇ. ತಾಯ್ನುಡಿಯ ಓದಿನ ಕಥೆಯೂ ಬೇರೆ ಇಲ್ಲ. 2024ರ ಅಸರ್ ಪ್ರಕಾರ ಸರಕಾರಿ ಶಾಲೆಗಳ 5ನೇ ತರಗತಿಯ ಮಕ್ಕಳಲ್ಲಿ 2ನೇ ತರಗತಿಯ ಪಾಠ ಓದಬಲ್ಲವರು ಶೇ 44.8, 8ನೇ ತರಗತಿಯಲ್ಲಿ ಶೇ 67.5. ತಳಪಾಯವೇ ಅರ್ಧ ಇದ್ದಾಗ ಮ್ಯಾಲಿನ ಅಂತಸ್ತಿನ ಮಾತು ಏನು ಆಡುವುದು?

ಅಕ್ಷರದ ಹೆಸರು ಒಂದು, ಸದ್ದು ಮತ್ತೊಂದು

ಕನ್ನಡದಲ್ಲಿ 'ಕ' ಅಕ್ಷರದ ಹೆಸರೂ ಕ, ಸದ್ದೂ ಕ. ಬರೆದದ್ದನ್ನೇ ಓದುವುದು, ಓದಿದ್ದನ್ನೇ ಬರೆಯುವುದು. ಈ ರೂಢಿಯಲ್ಲಿ ಬೆಳೆದ ಮಗುವಿನ ಮುಂದೆ ಇಂಗ್ಲಿಷಿನ 26 ಅಕ್ಷರ ಇಡುತ್ತೇವೆ. ಅವು ಹೊರಡಿಸುವ ಸದ್ದುಗಳು ಸುಮಾರು 44. 'ಸಿ' ಎಂಬ ಅಕ್ಷರ 'ಕ್ಯಾಟ್'ನಲ್ಲಿ 'ಕ' ಆಗುತ್ತದೆ, 'ಸಿಟಿ'ಯಲ್ಲಿ 'ಸ' ಆಗುತ್ತದೆ. 'ಯು' ಅಕ್ಷರ 'ಪುಟ್'ನಲ್ಲಿ 'ಉ', 'ಬಟ್'ನಲ್ಲಿ 'ಅ'. ಇದನ್ನು ಯಾರೂ ಬಿಡಿಸಿ ಹೇಳದೆ "ಸಿ-ಎ-ಟಿ ಕ್ಯಾಟ್" ಎಂದು ಹಾಡಿಸಿದರೆ ಮಗು ಹಾಡು ಕಲಿಯುತ್ತದೆ, ಓದು ಕಲಿಯುವುದಿಲ್ಲ. ಅದೇ ಮಗುವಿನ ಮುಂದೆ ಹಿಂದೆಂದೂ ಕಾಣದ ಮೂರಕ್ಷರದ ಶಬ್ದ ಇಡಿ, ಬಾಯಿ ಕಟ್ಟುತ್ತದೆ.

ಆಗ ಮಕ್ಕಳು ತಮ್ಮದೇ ಉಪಾಯ ಹುಡುಕುತ್ತಾರೆ. ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಿಂದ ಕನ್ನಡ ಅಕ್ಷರ ಬರೆದುಕೊಳ್ಳುತ್ತಾರೆ. ಗುರುಗಳು ಓದು ಎಂದಾಗ ಪಟಪಟನೆ ಓದುತ್ತಾರೆ. ಕೇಳುವವರಿಗೆ ಖುಷಿ. ಆದರೆ ಹುಡುಗ ಓದಿದ್ದು ಪೆನ್ಸಿಲಿನ ಕನ್ನಡ, ಅಚ್ಚಿನ ಇಂಗ್ಲಿಷ್ ಅಲ್ಲ. ಆ ಪೆನ್ಸಿಲ್ ಅಳಿಸಿಬಿಟ್ಟರೆ ಓದೂ ಅಳಿಸಿಹೋಗುತ್ತದೆ. ಮಗುವಿನ ತಪ್ಪಲ್ಲ ಇದು. ಸದ್ದು-ಅಕ್ಷರದ ಜೋಡಿಯನ್ನು 1, 2ನೇ ಇಯತ್ತೆಯಲ್ಲೇ ಕೂಡಿಸಿ ಕೊಡದ ಕಾರಣ 6ನೇ ಇಯತ್ತೆಯ ಮಗು ತನಗೆ ತಾನೇ ಕಟ್ಟಿಕೊಂಡ ಊರುಗೋಲು.

'ಸ್ಕೂಲ್' ಅನ್ನು 'ಇಸ್ಕೂಲ' ಅಂದ, 'ಬುಕ್' ಅನ್ನು 'ಬುಕ್ಕು' ಅಂದ ಎಂದು ನಗುವುದೂ ಬೇಡ. ಶಬ್ದದ ಕೊನೆಗೆ ಸ್ವರ ಸೇರಿಸುವುದು ಕನ್ನಡದ ನಾಲಿಗೆಯ ಸ್ವಭಾವ. ನಕ್ಕರೆ ಹುಡುಗ ಬಾಯಿ ಮುಚ್ಚುತ್ತಾನೆ, ಮುಂದೆ ತೆರೆಯುವುದೇ ಇಲ್ಲ.

ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಓದಿನ ಬಗ್ಗೆ ಒಂದು ಸರಳ ಸೂತ್ರ ಕೊಟ್ಟರು. ಓದು ಎಂದರೆ ಅಕ್ಷರ ಬಿಡಿಸುವ ಶಕ್ತಿ ಮತ್ತು ಭಾಷೆ ತಿಳಿಯುವ ಶಕ್ತಿಯ ಗುಣಾಕಾರ. ಗಮನಿಸಿ, ಕೂಡುವ ಲೆಕ್ಕ ಅಲ್ಲ, ಗುಣಾಕಾರ. ಎರಡರಲ್ಲಿ ಒಂದು ಸೊನ್ನೆಯಾದರೂ ಒಟ್ಟು ಸೊನ್ನೆ. ಅಕ್ಷರ ಬಿಡಿಸಿದರೂ ಶಬ್ದದ ಅರ್ಥ ಗೊತ್ತಿಲ್ಲದಿದ್ದರೆ ಓದಿಲ್ಲ. ಮಾತು ತಿಳಿದರೂ ಅಕ್ಷರ ಬಿಡಿಸಲಾಗದಿದ್ದರೂ ಓದಿಲ್ಲ. 5ರಿಂದ 8ನೇ ಇಯತ್ತೆಯ ಪಾಠ ಈ ಎರಡೂ ಕಡೆ ದುಡಿಯಬೇಕು.

ನಿಮಿಷಗಳ ಜಮಾ-ಖರ್ಚು

ಇಂಗ್ಲಿಷ್ ತಾಸಿನ ಲೆಕ್ಕ ತೆಗೆದು ನೋಡಿದರೆ ಮತ್ತೊಂದು ಸೋರಿಕೆ ಕಾಣುತ್ತದೆ. ಉದಾಹರಣೆಗೆ 35 ನಿಮಿಷದ ಒಂದು ತಾಸು, 30 ಮಕ್ಕಳು. ಹಾಜರಿ, ವಹಿ ತೆಗೆಯುವುದು, ಗದ್ದಲ ಅಡಗಿಸುವುದು, ಇಷ್ಟಕ್ಕೆ 5 ನಿಮಿಷ ಹೋಯಿತು. ಉಳಿದದ್ದು 30. ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದರೆ ಒಂದು ಮಗುವಿಗೆ ಸಿಗುವುದು ಒಂದೇ ನಿಮಿಷ. ಒಬ್ಬ ಓದುವಾಗ 29 ಮಂದಿ ಕಿಟಕಿ ನೋಡುತ್ತಾರೆ. ಇಡೀ ತಾಸಿನಲ್ಲಿ ನಡೆದ ಓದು ಒಟ್ಟು 30 ನಿಮಿಷ.

ಅದೇ ಪಾಠವನ್ನು ಎಲ್ಲರೂ 10 ನಿಮಿಷ ಮನಸ್ಸಿನಲ್ಲೇ ಓದಲಿ. ಹತ್ತು ಗುಣಿಲೆ ಮೂವತ್ತು, 300 ನಿಮಿಷದ ಓದು! ಉಳಿದ ಹೊತ್ತಿನಲ್ಲಿ ಇಬ್ಬಿಬ್ಬರು ಜೋಡಿಯಾಗಿ ಒಬ್ಬರಿಗೊಬ್ಬರು ಓದಿ ಹೇಳಿದರೆ ಒಂದೇ ಸಲಕ್ಕೆ 15 ಮಕ್ಕಳು ಬಾಯಿ ಬಿಟ್ಟು ಓದಿದಂತಾಯಿತು. ಖರ್ಚು ನಯಾಪೈಸೆ ಇಲ್ಲ. ಬೇಕಾದದ್ದು ತಯಾರಿ ಮಾತ್ರ.

ತಯಾರಿ ಎಂದರೆ ಏನು? ಓದುವ ಮುಂಚೆ ಪಾಠದ ನಾಲ್ಕೈದು ಗಟ್ಟಿ ಶಬ್ದ ಹಲಗೆಯ ಮೇಲೆ, ಅರ್ಥ ಕನ್ನಡದಲ್ಲಿ. ಆಮೇಲೆ ಒಂದು ಪ್ರಶ್ನೆ: "ಈ ಕಥೆಯಾಗ ಅಜ್ಜಿ ಯಾಕ ಸಿಟ್ಟಾದ್ಲು? ಹುಡುಕ್ರಿ." ಹುಡುಕಲು ಒಂದು ಕಾರಣ ಸಿಕ್ಕಿತೆಂದರೆ ಕಣ್ಣು ಸಾಲಿನ ಮೇಲೆ ಓಡುತ್ತದೆ. ಮನಸ್ಸಿನಲ್ಲಿ ಓದು, ಉತ್ತರ, ಕೊನೆಗೆ ಗಟ್ಟಿ ಓದು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಉಲ್ಟಾ: ಮೊದಲು ಗಟ್ಟಿ ಓದು, ಆಮೇಲೆ ಗುರುಗಳಿಂದ ಸಾಲು ಸಾಲಿಗೆ ಅರ್ಥ, ಕೊನೆಗೆ ಪ್ರಶ್ನೋತ್ತರ ನಕಲು. ಇದರಲ್ಲಿ ಓದುವ ಕೆಲಸ ಮಾಡಿದವರು ಗುರುಗಳೇ ಹೊರತು ಮಕ್ಕಳಲ್ಲ.

ಇದು ವಿದೇಶದಿಂದ ತಂದ ಹೊಸ ಮಾಲೇನಲ್ಲ. 1920ರ ದಶಕದಲ್ಲಿ ಢಾಕಾದಲ್ಲಿದ್ದ ಮೈಕೆಲ್ ವೆಸ್ಟ್ ಎಂಬ ಶಿಕ್ಷಣತಜ್ಞರು ಬಂಗಾಳದ ಮಕ್ಕಳಿಗೆ ಮೊದಲು ಬೇಕಾದದ್ದು ತಿಳಿದು ಓದುವ ಶಕ್ತಿ ಎಂದು ವಾದಿಸಿ, ಶಬ್ದಗಳನ್ನು ಎಣಿಸಿ ಅಳೆದು ವಾಚಕಗಳನ್ನು ಬರೆದರು. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ 'ಬೆಂಗಳೂರು ಯೋಜನೆ' ಜಗತ್ತಿನ ಭಾಷಾ ಶಿಕ್ಷಕರೆಲ್ಲ ಓದುವ ಪ್ರಯೋಗವಾಯಿತು. ವ್ಯಾಕರಣ ಉರು ಹೊಡೆಸುವ ಬದಲು ರೈಲಿನ ವೇಳಾಪಟ್ಟಿ, ನಕಾಶೆ ಕೊಟ್ಟು "ಇಲ್ಲಿಂದ ಅಲ್ಲಿಗೆ ಹೋಗಲು ಯಾವ ಗಾಡಿ?" ಎಂದು ಕೇಳುವ ಪದ್ಧತಿ ಅದು. ಇಂಗ್ಲಿಷನ್ನು ಕೆಲಸಕ್ಕೆ ಹಚ್ಚಿದರೆ ಇಂಗ್ಲಿಷ್ ಬರುತ್ತದೆ ಎಂಬ ಸಾದಾ ವಿಚಾರ. ಸೊಲ್ಲಾಪುರ ಸ್ಟೇಶನ್ನಿನಿಂದ ಹೊರಡುವ ನಾಲ್ಕು ಗಾಡಿಗಳ ಪಟ್ಟಿ ಹಲಗೆಯ ಮೇಲೆ ಬರೆದರೂ ಒಂದು ತಾಸಿನ ಪಾಠ ಆಗುತ್ತದೆ.

ಬರವಣಿಗೆ ಅಂದ್ರ ನಕಲಲ್ಲ

ನಾಲ್ಕು ಗೆರೆಯ ವಹಿ ತೆರೆದು ನೋಡಿ. ಅಕ್ಷರ ಮುತ್ತಿನಂತೆ. ಆದರೆ 'ನನ್ನ ಗೆಳೆಯ' ಎಂಬ ನಿಬಂಧ 30 ವಹಿಗಳಲ್ಲೂ ಒಂದೇ. 30 ಮಕ್ಕಳ ಗೆಳೆಯರೂ ಒಂದೇ ಎತ್ತರ, ಒಂದೇ ಬಣ್ಣ, ಎಲ್ಲರಿಗೂ ಕ್ರಿಕೆಟ್ ಇಷ್ಟ! ಹಲಗೆಯಿಂದ ಇಳಿಸಿಕೊಂಡದ್ದು ಕೈಬರಹದ ಅಭ್ಯಾಸ, ಬರವಣಿಗೆ ಅಲ್ಲ.

ಸ್ವಂತ ಬರೆಯಲು ಹೋದಾಗ ಎಡವುವ ಜಾಗಗಳು ಮೊದಲೇ ಗೊತ್ತಿರುವಂಥವು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಮರಾಠಿಯಲ್ಲೂ ಕೊನೆಗೆ, ಇಂಗ್ಲಿಷಿನಲ್ಲಿ ನಡುವೆ. "ನಾನು ಮಾವಿನಹಣ್ಣು ತಿಂದೆ" ಎಂಬುದು "ಐ ಮ್ಯಾಂಗೋ ಏಟ್" ಆಗುವುದು ಅದಕ್ಕೇ. ಹೋದ, ಹೋದಳು, ಹೋದರು ಎಂದು ಕನ್ನಡ ಕ್ರಿಯಾಪದವೇ ಬದಲಾಗುತ್ತದೆ; ಇಂಗ್ಲಿಷಿನಲ್ಲಿ ಎಲ್ಲರಿಗೂ 'ವೆಂಟ್'. 'ಎ', 'ಆ್ಯನ್', 'ದ' ಎಂಬ ಸಣ್ಣ ಶಬ್ದಗಳಿಗೆ ಕನ್ನಡದಲ್ಲಿ ಜೋಡಿಯೇ ಇಲ್ಲ. ಎರಡೂ ಭಾಷೆ ಬಲ್ಲ ಶಿಕ್ಷಕ ಇವನ್ನು ಅಕ್ಕಪಕ್ಕ ಬರೆದು ತೋರಿಸಿದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತವೆ.

ಮೆಟ್ಟಿಲು ಹತ್ತಿಸುವ ಕ್ರಮವೂ ಇದೆ. ಮೊದಲು ಬಾಯಿಂದ ಹೇಳಿಸುವುದು. ಆಮೇಲೆ ಒಂದು ಶಬ್ದ ಖಾಲಿ ಬಿಟ್ಟ ವಾಕ್ಯ. ಆಮೇಲೆ ಅದೇ ಅಚ್ಚಿನಲ್ಲಿ ಸ್ವಂತದ ಎರಡು ವಾಕ್ಯ. 7, 8ನೇ ಇಯತ್ತೆಗೆ ಐದಾರು ಸಾಲಿನ ಪ್ಯಾರಾ. ವಿಷಯ ಹುಡುಕಲು ದೂರ ಹೋಗಬೇಕಿಲ್ಲ. ಜತ್ತದ ದ್ರಾಕ್ಷಿ ತೋಟ, ದಾಳಿಂಬೆ ಗಿಡ, ಸೊಲ್ಲಾಪುರದ ಚಾದರ, ಡೈರಿಗೆ ಹಾಕಿದ ಹಾಲಿನ ಚೀಟಿ, ಗೊಬ್ಬರದ ಚೀಲದ ಮೇಲಿನ ಬರಹ. ಮಗುವಿಗೆ ಹೇಳಲು ಮಾತಿದ್ದಾಗಲೇ ಬರೆಯಲು ಶಬ್ದ ಬೇಕೆನಿಸುವುದು.

ತಿದ್ದುವುದರಲ್ಲೂ ತಾಳ್ಮೆ ಬೇಕು. ಹತ್ತು ತಪ್ಪಿಗೆ ಹತ್ತು ಕೆಂಪು ಗೆರೆ ಎಳೆದರೆ ಮಗು ಮುಂದಿನ ಸಲ ನಕಲಿಗೇ ಮರಳುತ್ತದೆ. ಈ ವಾರ ಕ್ರಿಯಾಪದದ ಜಾಗ, ಮುಂದಿನ ವಾರ ಪೂರ್ಣವಿರಾಮ ಮತ್ತು ದೊಡ್ಡಕ್ಷರ. ಒಂದೊಂದೇ.

ಒಬ್ಬ ಶಿಕ್ಷಕ, ನಾಲ್ಕು ಭಾಷೆ, ಮೂರು ಲಿಪಿ

ಇಷ್ಟೆಲ್ಲ ಮಾಡುವವರು ಯಾರು ಎಂಬುದೇ ದೊಡ್ಡ ಪ್ರಶ್ನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವಿಜ್ಞಾನ-ಗಣಿತ, ಸಮಾಜ ಮತ್ತು 'ಭಾಷೆಗಳು' ಎಂಬ ಮೂರು ಗುಂಪಿಗೆ ತಲಾ ಒಬ್ಬ ಶಿಕ್ಷಕರಾದರೂ ಇರಬೇಕೆಂದು ಹೇಳುತ್ತದೆ. ಕಾಗದದ ಮೇಲೆ ಸರಿಯೇ. ಆದರೆ ಗಡಿಯ ಕನ್ನಡ ಶಾಲೆಯಲ್ಲಿ 'ಭಾಷೆಗಳು' ಎಂದರೆ ಕನ್ನಡ, ಮರಾಠಿ, ಇಂಗ್ಲಿಷ್, ಮೇಲೆ ಹಿಂದಿಯ ಪರಿಚಯ. ಲಿಪಿ ಮೂರು: ಕನ್ನಡ, ದೇವನಾಗರಿ, ರೋಮನ್. ಮರಾಠಿ ಶಾಲೆಯ ಭಾಷಾ ಶಿಕ್ಷಕರಿಗಿಂತ ಇವರ ಹೊರೆ ಒಂದು ತೂಕ ಹೆಚ್ಚೇ. ಕಾಯ್ದೆಯ ಲೆಕ್ಕದಲ್ಲಿ ಇಬ್ಬರೂ ಒಂದೇ.

2025ರಲ್ಲಿ 1ನೇ ಇಯತ್ತೆಯಿಂದ ಮೂರನೇ ಭಾಷೆಯಾಗಿ ಹಿಂದಿ ತರಬೇಕೆಂಬ ಆದೇಶಕ್ಕೆ ಮಹಾರಾಷ್ಟ್ರದಲ್ಲಿ ಭಾರೀ ವಿರೋಧ ಬಂದು, ಜೂನ್ 29ರಂದು ಸರಕಾರ ಆದೇಶ ಹಿಂಪಡೆಯಿತು. ಪುಟ್ಟ ಮಕ್ಕಳ ಮೇಲೆ ಮೂರು ಭಾಷೆಯ ಭಾರವೇಕೆ ಎಂಬುದು ಅಂದಿನ ವಾದಗಳಲ್ಲೊಂದು. ನ್ಯಾಯವಾದ ಮಾತೇ. ಆದರೆ ಮರಾಠಿಯನ್ನು ಎಲ್ಲ ಶಾಲೆಗಳಲ್ಲಿ ಕಡ್ಡಾಯ ಮಾಡಿದ 2020ರ ಕಾಯ್ದೆಯಡಿ ಕನ್ನಡ ಶಾಲೆಯ ಮಕ್ಕಳು ಮನೆಮಾತು, ಮರಾಠಿ, ಇಂಗ್ಲಿಷ್ ಎಂದು ಮೂರನ್ನು ಆಗಲೇ ಹೊತ್ತು ನಡೆದಿದ್ದರು ಎಂಬುದು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಮರಾಠಿ ಬೇಡವೆಂದು ಗಡಿ ಕನ್ನಡಿಗರು ಹೇಳುವುದಿಲ್ಲ. ಸಂತೆ, ತಹಸೀಲು, ದವಾಖಾನೆ, ಎಲ್ಲ ಕಡೆ ಅದು ಬೇಕು. ಕೇಳುವುದು ಇಷ್ಟೇ: ಭಾರ ಹೆಚ್ಚಿದ್ದಲ್ಲಿ ಹೊರುವ ಕೈ ಹೆಚ್ಚು ಕೊಡಿ.

2024ರಲ್ಲಿ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು ಎರಡೂ ರಾಜ್ಯಗಳಲ್ಲಿ ಸುದ್ದಿಯಾಯಿತು. ಚರ್ಚೆಯೆಲ್ಲ ಕನ್ನಡದ ಅಭಿಮಾನದ ಸುತ್ತ ನಡೆಯಿತು. ಇಂಗ್ಲಿಷ್ ತಾಸಿಗೆ ಆಗುವ ನಷ್ಟವನ್ನು ಯಾರೂ ಎತ್ತಲಿಲ್ಲ. ಕನ್ನಡ ಬಾರದ ಶಿಕ್ಷಕರು ಎಷ್ಟೇ ಜಾಣರಿದ್ದರೂ ಇಂಗ್ಲಿಷ್ ಶಬ್ದದ ಅರ್ಥ ಮರಾಠಿಯಲ್ಲೇ ಹೇಳಬೇಕು. ಮಗು ಇಂಗ್ಲಿಷಿನಿಂದ ಮರಾಠಿಗೆ, ಮರಾಠಿಯಿಂದ ಕನ್ನಡಕ್ಕೆ ಎರಡು ಹೊಳೆ ದಾಟಬೇಕು. ತಪ್ಪು ಆ ಶಿಕ್ಷಕರದಲ್ಲ. ಅವರನ್ನು ಅಲ್ಲಿಗೆ ಕಳಿಸಿದ ವ್ಯವಸ್ಥೆಯದು.

ಇದರ ಮೇಲೆ ಬರ. ದೀಪಾವಳಿ ಹಿಂದುಮುಂದು ಕಬ್ಬು ಕಡಿಯಲು ಹೊರಡುವ ಕುಟುಂಬಗಳ ಮಕ್ಕಳು ತಿಂಗಳುಗಟ್ಟಲೆ ಶಾಲೆಯಿಂದ ದೂರ. ತಿರುಗಿ ಬರುವಷ್ಟರಲ್ಲಿ ಪಾಠ ಹತ್ತು ದಾಟಿರುತ್ತದೆ.

ಕನ್ನಡ ಬಿಟ್ರ ಇಂಗ್ಲಿಷ್ ಬರ್ತೈತೇನು?

ಪಾಲಕರ ಆಸೆ ತಪ್ಪಲ್ಲ. ದಹಾವಿಯವರೆಗೆ ಕನ್ನಡದಲ್ಲಿ ಪರೀಕ್ಷೆ ಬರೆಯಬಹುದು. ಮುಂದೆ 11ನೇ ಇಯತ್ತೆ ವಿಜ್ಞಾನ ಎಂದರೆ ಇಂಗ್ಲಿಷೇ. ಬ್ಯಾಂಕಿನ ಚೀಟಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಕನ್ನಡ ಅದರಲ್ಲಿ ಇರುವುದಿಲ್ಲ. ಔಷಧದ ಪಟ್ಟಿ, ಬೀಜದ ಪಾಕೀಟು, ನೌಕರಿಯ ಅರ್ಜಿ, ಎಲ್ಲ ಕಡೆ ಇಂಗ್ಲಿಷ್ ಎದುರಾಗುತ್ತದೆ. ಹೀಗಿದ್ದಾಗ ತಂದೆ-ತಾಯಿ ಹಳದಿ ಬಸ್ಸಿನ ಕಡೆ ನೋಡಿದರೆ ಅವರನ್ನು ಭಾಷಾದ್ರೋಹಿ ಎನ್ನುವುದು ಅನ್ಯಾಯ.

ಆದರೆ ಮಾಧ್ಯಮ ಬದಲಿಸುವುದೂ ಭಾಷೆ ಕಲಿಯುವುದೂ ಒಂದೇ ಅಲ್ಲ. ಮನೆಮಾತಿನಲ್ಲಿ ಗಟ್ಟಿಯಾದ ಓದಿನ ಶಕ್ತಿ ಎರಡನೇ ಭಾಷೆಗೂ ಹರಿದು ಬರುತ್ತದೆ ಎಂದು ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ವಾದವನ್ನು ಮುಂದಿನ ಅನೇಕ ಅಧ್ಯಯನಗಳು ಬೆಂಬಲಿಸಿವೆ. ಕಥೆಯ ಎಳೆ ಹಿಡಿಯುವುದು, ಗೊತ್ತಿಲ್ಲದ ಶಬ್ದವನ್ನು ಸಂದರ್ಭದಿಂದ ಊಹಿಸುವುದು, ಮುಖ್ಯ ಮಾತು ಆರಿಸುವುದು, ಇವನ್ನು ಕನ್ನಡದಲ್ಲಿ ಕಲಿತ ಮಗು ಇಂಗ್ಲಿಷಿಗೂ ಒಯ್ಯುತ್ತದೆ. ಕನ್ನಡವನ್ನೇ ಸರಿಯಾಗಿ ಓದದ ಮಗುವಿಗೆ ವಿಜ್ಞಾನವನ್ನೂ ಇಂಗ್ಲಿಷಿನಲ್ಲಿ ತುರುಕಿದರೆ ಇಂಗ್ಲಿಷೂ ಇಲ್ಲ, ವಿಜ್ಞಾನವೂ ಇಲ್ಲ. ಮಹಾರಾಷ್ಟ್ರದ ದಹಾವಿಯ ತೃತೀಯ ಭಾಷೆ ಇಂಗ್ಲಿಷ್ ಪತ್ರಿಕೆಯಲ್ಲೇ ಇಂಗ್ಲಿಷ್ ಶಬ್ದ, ವಾಕ್ಯಗಳನ್ನು ತಮ್ಮ ಮಾಧ್ಯಮದ ಭಾಷೆಗೆ ಅನುವಾದಿಸುವ ಪ್ರಶ್ನೆ ಬಂದಿದೆ. ಅಂದರೆ ಇಂಗ್ಲಿಷಿನ ಗುಣಕ್ಕೂ ಕನ್ನಡ ಬೇಕು!

5ರಿಂದ 8ನೇ ಇಯತ್ತೆ ಸೇತುವೆಯಂಥ ನಾಲ್ಕು ವರ್ಷ. 9, 10ಕ್ಕೆ ಬಂದಮೇಲೆ ಪೋರ್ಶನ್ ಮುಗಿಸುವ ಧಾವಂತ; ಅಕ್ಷರ ಬಿಡಿಸಿ ಕಲಿಸಲು ಅಲ್ಲಿ ಯಾರಿಗೂ ವೇಳೆ ಇಲ್ಲ.

ಏನು ಆಗಬೇಕು?

ಜೂನಿನ ಮೊದಲ ಹದಿನೈದು ದಿನದಲ್ಲೇ 5ನೇ ಇಯತ್ತೆಯ ಪ್ರತಿ ಮಗುವನ್ನು ಕೂರಿಸಿ ಇಂಗ್ಲಿಷ್, ಕನ್ನಡ ಎರಡನ್ನೂ ಓದಿಸಿ ನೋಡಬೇಕು. ಇಯತ್ತೆ ನೋಡಿ ಅಲ್ಲ, ಮಟ್ಟ ನೋಡಿ ಗುಂಪು ಮಾಡಿ ದಿನಕ್ಕೊಂದು ತಾಸು ಕಲಿಸಬೇಕು. ಕಬ್ಬಿನ ಹಂಗಾಮಿನಿಂದ ಮರಳಿದ ಮಕ್ಕಳಿಗೂ ಇದೇ ಗುಂಪು ಆಸರೆ. ಮಹಾರಾಷ್ಟ್ರ 2023-24ರಿಂದ 5 ಮತ್ತು 8ನೇ ಇಯತ್ತೆಗೆ ವಾರ್ಷಿಕ ಪರೀಕ್ಷೆ ತಂದಿದೆ. ಆ ಪರೀಕ್ಷೆ ಉರು ಹೊಡೆದ ಉತ್ತರ ಅಳೆಯುವ ಬದಲು, ಮಗು ಹಿಂದೆ ಕಾಣದ ಪ್ಯಾರಾ ಓದಿ ತಿಳಿಯುವುದನ್ನು ಅಳೆಯಲಿ.

ಕನ್ನಡ ಶಾಲೆಯ ಹುದ್ದೆಗೆ ಕನ್ನಡ ಬಲ್ಲವರನ್ನೇ ನೇಮಿಸಬೇಕು. ಇದು ಸಾಂಗ್ಲಿ, ಸೊಲ್ಲಾಪುರ ಜಿಲ್ಲಾ ಪರಿಷದಗಳ ಹೊಣೆ. ಪುಣೆಯ ಬಾಲಭಾರತಿ ಕನ್ನಡದಲ್ಲಿ ಪಠ್ಯ ಅಚ್ಚು ಹಾಕುತ್ತಲೇ ಬಂದಿದೆ. ಇಂಗ್ಲಿಷ್ ಪಾಠಗಳ ಕಠಿಣ ಶಬ್ದಗಳಿಗೆ ಕನ್ನಡ ಅರ್ಥದ ಒಂದು ಸಣ್ಣ ಪುಸ್ತಿಕೆ ಅದಕ್ಕೆ ಭಾರವಲ್ಲ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ವಿಶೇಷ ಅನುದಾನದ ಮಾತು ಆಡಿದ್ದರು. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿ ಶಾಲೆಗೆ ಹಣ ಕೊಡುವಾಗ ಗೋಡೆಯ ಬಣ್ಣ, ಉತ್ಸವದ ಪೆಂಡಾಲಿನ ಜೊತೆಗೆ ಸಣ್ಣ ಸಣ್ಣ ಇಂಗ್ಲಿಷ್ ಕಥೆಪುಸ್ತಕಗಳ ಒಂದು ಕಪಾಟನ್ನೂ, ಶಿಕ್ಷಕರ ತರಬೇತಿಯನ್ನೂ ಲೆಕ್ಕಕ್ಕೆ ಹಿಡಿಯಲಿ.

ಪಾಲಕರ ಕೈಯಲ್ಲೂ ಅಧಿಕಾರ ಇದೆ. ಕಾಯ್ದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರು ಇರಬೇಕು. ಸಭೆಗೆ ಹೋಗಿ ಸಹಿ ಮಾಡಿ ಚಹಾ ಕುಡಿದು ಬಂದರೆ ಸಾಲದು. ತಮಗೆ ಇಂಗ್ಲಿಷ್ ಬಾರದಿದ್ದರೂ ಮಕ್ಕಳ ಇಂಗ್ಲಿಷ್ ಪರೀಕ್ಷಿಸಬಹುದು. ಪುಸ್ತಕದಲ್ಲಿ ಇನ್ನೂ ಕಲಿಸದ, ಪೆನ್ಸಿಲ್ ಗುರುತಿಲ್ಲದ ಒಂದು ಪುಟ ತೆರೆದು ಕೊಡಿ. "ಓದು ಮಗಾ, ಆಮ್ಯಾಲ ಏನೈತಿ ಅಂತ ಕನ್ನಡದಾಗ ಹೇಳು" ಅನ್ನಿ. ಹೇಳಿದರೆ ಶಾಲೆ ನಡೆದಿದೆ. ಹೇಳದಿದ್ದರೆ, ದಾಖಲೆ ತೆಗೆಯುವ ಮುಂಚೆ, ಅದೇ ಪುಟ ಹಿಡಿದು ಸಮಿತಿಯ ಮುಂದಿನ ಸಭೆಗೆ ಹೋಗಿ.